ಹತ್ತನೆಯ ಭಾಷಣ

ಅವರು ತೀರಿಕೊಂಡ ಸುದ್ದಿ ನಮ್ಮ ಭಾಷಣ ಕೂಟದ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವುಗಳ ಕೆಳಗೆ ಒಬ್ಬ ಸದಸ್ಯರು, ‘ಹಾಗಾದರೆ ಈ ಭಾನುವಾರ ಟೈಮ್ ಕಾರ್ಡ್ ಹಿಡಿಯುವವರು ಯಾರು?’ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಿಸಿಬಿಸಿಯಾಗಿ ಏನೋ ಬರೆಯಲು ಹೊರಟವನು, ಆ ಮನುಷ್ಯನ ಪರವಾಗಿ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ ಎಂಬುದು ನೆನಪಾಗಿ ಅಳಿಸಿದೆ. ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಫೋನ್ ಮುಚ್ಚಿಟ್ಟೆ.

ಅವರ ಹೆಸರು ಬರೆಯುವುದಿಲ್ಲ. ಮನೆಯವರು ಇನ್ನೂ ಅದೇ ಬೀದಿಯಲ್ಲಿದ್ದಾರೆ. ನನ್ನಿಂದ ಅವರಿಗೆ ಆದದ್ದು ಸಾಕು. ಕೂಟದಲ್ಲಿ ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಚಿತ್ರದುರ್ಗದ ಹಳೆಯ ಊರಿನಲ್ಲಿ ಅವರದು ಹಾಸಿಗೆ ಅಂಗಡಿ. ತಲೆಮಾರುಗಳಿಂದ ಹತ್ತಿ ಹಿಂಜಿ, ಹಾಸಿಗೆ ದಿಂಬು ಹೊಲಿದು ಬದುಕಿದ ಮನೆತನ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರೂ ಹುಬ್ಬಿನಲ್ಲಿ ಒಂದೆರಡು ಹತ್ತಿ ಎಳೆ ಉಳಿದೇ ಇರುತ್ತಿದ್ದವು. ಯಾರಾದರೂ ತೋರಿಸಿದರೆ, ‘ಇರ್ಲಿ ಬಿಡ್ರಿ, ನಾಳೆ ಮತ್ತೆ ಬರ್ತೈತೆ’ ಎನ್ನುತ್ತಿದ್ದರು.

ನಮ್ಮ ಕೂಟ ಸೇರುತ್ತಿದ್ದುದು ಒಂದು ಶಾಲೆಯ ಮಹಡಿಯಲ್ಲಿ, ಭಾನುವಾರ ಹತ್ತು ಗಂಟೆಗೆ. ವಕೀಲರು, ಮೇಷ್ಟರು, ಬ್ಯಾಂಕಿನವರು, ಚುನಾವಣೆಗೆ ನಿಲ್ಲುವ ಆಸೆ ಇಟ್ಟುಕೊಂಡ ಇಬ್ಬರು, ಹೀಗೆ ಇಪ್ಪತ್ತೈದು ಜನ. ಒಬ್ಬೊಬ್ಬರೂ ಏಳು ನಿಮಿಷ ಮಾತಾಡಬೇಕು. ಐದು ನಿಮಿಷಕ್ಕೆ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಆ ಕಾರ್ಡು ಹಿಡಿಯುವ ಕೆಲಸ ಯಾರಿಗೂ ಬೇಡ, ಏಕೆಂದರೆ ಅದರಲ್ಲಿ ಚಪ್ಪಾಳೆ ಇಲ್ಲ. ಚಾಚಾ ಅದನ್ನು ಮೊದಲ ವಾರವೇ ಕೈಗೆ ತೆಗೆದುಕೊಂಡರು. ಆಮೇಲೆ ಅವರ ಕೈಯಿಂದ ತೆಗೆದುಕೊಳ್ಳುವ ಸೌಜನ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾನು ಆಗ ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಸಮಾರಂಭವೊಂದರಲ್ಲಿ ಸ್ವಾಗತ ಭಾಷಣ ಮಾಡು ಎಂದದ್ದಕ್ಕೆ ಜ್ವರ ಎಂದು ರಜೆ ಹಾಕಿ ಮನೆಯಲ್ಲಿ ಕೂತವನು. ಆ ನಾಚಿಕೆಯಲ್ಲೇ ಬಸ್ಸು ಹತ್ತಿ ಕೂಟಕ್ಕೆ ಬಂದೆ. ಹೊಸಬರಿಗೆ ಒಬ್ಬ ಹಳಬರನ್ನು ಮಾರ್ಗದರ್ಶಿಯಾಗಿ ಕೊಡುವುದು ಅಲ್ಲಿನ ಪದ್ಧತಿ. ನನಗೆ ಸಿಕ್ಕಿದ್ದು ಏಳನೆಯ ತರಗತಿ ಓದಿದ ಹಾಸಿಗೆ ಹೊಲಿಯುವವರು. ಡಿಗ್ರಿ ಮಾಡಿದವನಿಗೆ ಇವರೇನು ಕಲಿಸುತ್ತಾರೆ ಎಂದು ನಾನು ಮುಖ ಸಿಂಡರಿಸಿದ್ದನ್ನು ಅವರು ನೋಡಿದರು. ನೋಡಿಯೂ ಪಕ್ಕದ ಕುರ್ಚಿ ಒರೆಸಿ, ‘ಬರ್ರಿ ಸಾರ್, ಇಲ್ಲಿ ಕುಂತ್ಕಳ್ರಿ’ ಎಂದರು.

ಜನವರಿ ಬಂದರೆ ಕೂಟದಲ್ಲಿ ಗುರಿ ಪುಸ್ತಕ ಹೊರಗೆ ಬರುತ್ತಿತ್ತು. ಉದ್ದನೆಯ ರಟ್ಟಿನ ಪುಸ್ತಕ. ಪ್ರತಿಯೊಬ್ಬರೂ ಆ ವರ್ಷದ ಒಂದೇ ಒಂದು ಗುರಿಯನ್ನು ಸ್ವಂತ ಕೈಯಲ್ಲಿ ಬರೆದು, ಎದ್ದು ನಿಂತು ಓದಬೇಕು. ಇನ್ನೊಬ್ಬ ಸದಸ್ಯ ಕೆಳಗೆ ಸಾಕ್ಷಿಯ ಸಹಿ ಹಾಕಬೇಕು. ಹೆಚ್ಚಿನವರು ‘ಜಿಲ್ಲೆಯಲ್ಲೇ ಅತ್ಯುತ್ತಮ ಭಾಷಣಕಾರನಾಗುವುದು’ ಎಂಬಂಥದ್ದನ್ನು ಬರೆದು ಚಪ್ಪಾಳೆ ಗಿಟ್ಟಿಸಿ ಫೆಬ್ರುವರಿಯಿಂದ ಬರುವುದನ್ನೇ ಬಿಡುತ್ತಿದ್ದರು. ನಾನೂ ‘ಶ್ರೇಷ್ಠ ವಾಗ್ಮಿಯಾಗುವುದು’ ಎಂದು ಬರೆದೆ. ಚಾಚಾ ಅದನ್ನು ಬೆರಳಿಟ್ಟು ಓದಿದರು.

‘ಸಾರ್, ಬೇಜಾರ್ ಮಾಡ್ಕೋಬ್ಯಾಡ್ರಿ. ಇದು ಗುರಿ ಅಲ್ಲ, ಆಸೆ. ಗುರಿ ಅಂದ್ರೆ ಆದ ದಿನ ಆತು ಅಂತ ನಮ್ಗೇ ಗೊತ್ತಾಗ್ಬೇಕು. ಮೂರನೇ ಸಾಲಿನಾಗೆ ಕುಂತೋರ ಮುಖ ನೋಡಿ ಮಾತಾಡ್ತೀನಿ ಅಂತ ಬರೀರಿ.’

‘ಅಷ್ಟೇನಾ? ಒಂದು ವರ್ಷಕ್ಕಾ?’

‘ಮೊದ್ಲು ನೋಡ್ರಿ ಸಾರ್. ಆ ಮುಖ ದೂರ ಐತೆ.’

ನಾನು ಒಲ್ಲದ ಮನಸ್ಸಿನಿಂದ ಬರೆದೆ. ಆ ಮುಖಗಳನ್ನು ನೋಡಲು ನನಗೆ ಆಗಸ್ಟ್ ತಿಂಗಳೇ ಬೇಕಾಯಿತು. ಮರುವರ್ಷ ಅವರು ಹೇಳಿದ ಗುರಿ, ಮಾತಾಡುವಾಗ ಜೇಬಿಗೆ ಕೈ ಹಾಕದಿರುವುದು. ಅದರ ಮರುವರ್ಷ, ಮರೆತಾಗ ಮೇಲೆ ಚಾವಣಿ ನೋಡದೆ ಸುಮ್ಮನೆ ನಿಲ್ಲುವುದು. ಹೀಗೆ ಮೂರು ವರ್ಷದಲ್ಲಿ, ಜ್ವರದ ರಜೆ ಹಾಕಿದವನು ಮೈಕು ಕಂಡರೆ ಬಿಡದವನಾದೆ. ಇವತ್ತು ನಾನು ಕಂಪನಿಗಳಿಗೂ ಕಾಲೇಜುಗಳಿಗೂ ಹೋಗಿ ಗುರಿ ಇಟ್ಟುಕೊಳ್ಳುವುದು ಹೇಗೆಂದು ತರಬೇತಿ ಕೊಡುತ್ತೇನೆ. ಗುರಿ ಬೇರೆ, ಆಸೆ ಬೇರೆ ಎಂಬ ಮಾತನ್ನು ಪರದೆಯ ಮೇಲೆ ತೋರಿಸಿ, ಕೆಳಗೆ ನನ್ನ ಹೆಸರು ಹಾಕಿಕೊಂಡಿದ್ದೇನೆ. ಜನ ಅದರ ಫೋಟೋ ತೆಗೆದುಕೊಳ್ಳುತ್ತಾರೆ.

ಹಿರೇಗುಂಟನೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮೊದಲ ಭಾಷಣದಲ್ಲೇ ಮರೆತು ನಿಂತುಬಿಟ್ಟಳು. ಕೆಳಗಿನವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಚಾಚಾ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಎದ್ದು ಹೋಗಿ, ‘ಮೈಕ್ ಸರಿ ಐತೇನವ್ವ?’ ಎಂದು ಅದರ ಕತ್ತು ಅತ್ತಿತ್ತ ತಿರುಗಿಸುತ್ತಾ ಸುಮಾರು ಹೊತ್ತು ಅವಳ ಪಕ್ಕದಲ್ಲೇ ನಿಂತರು. ಮೈಕು ಸರಿಯಾಗಿಯೇ ಇತ್ತು. ಅವಳಿಗೆ ಮಾತು ನೆನಪಾದ ಮೇಲೆ ಬಂದು ಕೂತರು.

ಅವರ ಸ್ವಂತ ಭಾಷಣಗಳ ಗತಿ ಮಾತ್ರ ಆಮೆಯದು. ಕೂಟದಲ್ಲಿ ಹತ್ತು ಭಾಷಣ ಮುಗಿಸಿದರೆ ಒಂದು ಘಟ್ಟ ದಾಟಿದಂತೆ. ನಾನು ಅದನ್ನು ಒಂದೂವರೆ ವರ್ಷದಲ್ಲಿ ದಾಟಿದೆ. ಅವರು ಆರು ವರ್ಷದಲ್ಲಿ ಒಂಬತ್ತಕ್ಕೆ ಬಂದಿದ್ದರು. ಅವರ ಸರದಿ ಬಂದ ದಿನವೇ ಯಾರಿಗೋ ಸ್ಪರ್ಧೆಗೆ ಅಭ್ಯಾಸ ಬೇಕಿರುತ್ತಿತ್ತು, ಯಾರಿಗೋ ಬೇಗ ಹೋಗಬೇಕಿರುತ್ತಿತ್ತು. ‘ಚಾಚಾ, ನಿಮ್ಮ ಸ್ಲಾಟ್ ಕೊಡ್ತೀರಾ?’ ಎಂದರೆ ಕೊಟ್ಟುಬಿಡುತ್ತಿದ್ದರು. ಎರಡು ಸಲ ಕೇಳಿ ಇಸಿದುಕೊಂಡವನು ನಾನು. ಮಾತಾಡಿದ ಒಂಬತ್ತರಲ್ಲೂ ವಿಷಯ ಹತ್ತಿ, ಸೂಜಿ, ಮಾವನ ಸೈಕಲ್ಲು. ಹಾಸಿಗೆಯ ಮೂಲೆಯನ್ನು ಮೊದಲು ಏಕೆ ಹೊಲಿಯಬೇಕು ಎಂದು ಏಳು ನಿಮಿಷ ಹೇಳಿ ಕೂತಾಗ, ವಿಮರ್ಶೆಗೆ ಎದ್ದ ವಕೀಲರು, ‘ಎಲ್ಲ ಚೆನ್ನಾಗಿದೆ, ಆದರೆ ಸಮಾಜಕ್ಕೆ ಸಂದೇಶ ಏನು?’ ಎಂದು ಕೇಳಿದರು. ಚಾಚಾ ಯೋಚನೆ ಮಾಡಿ, ‘ಸಂದೇಶ ಏನಿಲ್ರಿ, ಹಾಸ್ಗೆ ಗಟ್ಟಿ ಬರ್ತೈತೆ’ ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ಹತ್ತನೆಯ ಭಾಷಣಕ್ಕೆ ಒಂದು ವಿಶೇಷ ಪದ್ಧತಿ ಇತ್ತು. ಆ ದಿನ ಮಾತಾಡುವವರ ಮನೆಯವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆವು. ಚಾಚಾ ಕೂಟಕ್ಕೆ ಸೇರಿದ್ದೇ ಆ ಒಂದು ದಿನಕ್ಕಾಗಿ ಎಂಬುದು ನನಗೆ ಗೊತ್ತಾದದ್ದು ಅವರ ಒಂಬತ್ತು ಮುಗಿದ ಮೇಲಿನ ಜನವರಿಯಲ್ಲಿ. ಗುರಿ ಪುಸ್ತಕದಲ್ಲಿ ಅವರು ದಪ್ಪ ಅಕ್ಷರದಲ್ಲಿ, ‘ಹತ್ತನೇ ಭಾಷಣ ಮಾಡುವುದು. ಮಗಳು ಮುಂದೆ ಕೂತಿರಬೇಕು’ ಎಂದು ಬರೆದು, ಸಾಕ್ಷಿಗೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ನಾನು ಸಹಿ ಹಾಕಿದೆ.

ವಿಷಯ ಏನೆಂದು ಅವರೇ ಅಂಗಡಿಗೆ ಕರೆದು ಹೇಳಿದರು. ಹೇಳುವುದನ್ನು ಬರೆದುಕೊಡಲು ನನ್ನ ಕನ್ನಡ ಬೇಕಿತ್ತು. ಹತ್ತಿ ಮೂಟೆಯ ಮೇಲೆ ನಾನು, ಅರ್ಧ ತುಂಬಿದ ಹಾಸಿಗೆಯ ಅಂಚಿನಲ್ಲಿ ಅವರು.

ಅವರು ಕೂಟ ಸೇರುವ ಮುಂಚಿನ ಮಾತು. ಮಗಳು ಪಿಯುಸಿ ಒಳ್ಳೆಯ ಅಂಕದಲ್ಲಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಸೇರುವವಳಿದ್ದಳು. ಅಷ್ಟರಲ್ಲಿ ಹೊಸದುರ್ಗದ ಕಡೆಯಿಂದ ಸಂಬಂಧ ಬಂತು. ಚಾಚಾ ಅವರ ಅಣ್ಣ ಒಪ್ಪಿಬಿಟ್ಟಿದ್ದರು. ಮಾತುಕತೆಯ ಹಿಂದಿನ ದಿನ ಮಗಳು ಅತ್ತಾಗ ಇವರು, ‘ನಾಳೆ ಎಲ್ಲರ ಮುಂದೆ ಹೇಳ್ತೀನಿ, ಎರಡು ವರ್ಷ ಬಿಟ್ಟು ಮಾಡಾಣ ಅಂತ’ ಎಂದು ಮಾತು ಕೊಟ್ಟಿದ್ದರು. ಮಾರನೆಯ ದಿನ ಎರಡೂ ಕಡೆಯ ಹಿರಿಯರು ಚಾಪೆ ಮೇಲೆ ಕೂತು, ಯಾರದ್ದಾದರೂ ತಕರಾರು ಇದೆಯೇ ಎಂದು ಕೇಳಿದರು. ಬಾಗಿಲ ಪರದೆಯ ಸಂದಿಯಿಂದ ಮಗಳು ನೋಡುತ್ತಿದ್ದಳು.

‘ಮಾತು ಇಲ್ಲಿಗಂಟ ಬಂದಿತ್ತು ಸಾರ್’ ಎಂದು ಚಾಚಾ ಗಂಟಲು ಮುಟ್ಟಿಕೊಂಡರು. ‘ಹದಿನೈದು ಜನ ಇದ್ರು. ನಾನು ಮೊಣಕಾಲ ಮ್ಯಾಲಿನ ಹತ್ತಿ ಹೆಕ್ಕತಾ ಕುಂತೆ. ಒಂದೊಂದೇ ಎಳೆ. ಅಷ್ಟರಾಗೆ ಎಲ್ರೂ ಖುಷಿಯಿಂದ ಎದ್ರು.’

‘ಮಗಳು ಏನಂದಳು?’

‘ಏನೂ ಅನ್ಲಿಲ್ಲ. ಈಗ್ಲೂ ಏನೂ ಅನ್ನಲ್ಲ. ಊಟ ಆತಾ ಅಬ್ಬಾ ಅಂತಾಳೆ, ಅಷ್ಟೇ. ಮನಿಯಾಗೆ ತಪ್ಪಾತು ಅಂದ್ರೆ ಸಾಲಲ್ಲ ಸಾರ್. ಹತ್ತು ಜನದ ಮುಂದೆ ಆದ ತಪ್ಪು. ಹತ್ತು ಜನದ ಮುಂದೆನೇ ಅನ್ಬೇಕು.’

ನಾನು ಬರೆದುಕೊಟ್ಟೆ. ಅವರ ಮಾತೇ ಎಲ್ಲ, ನಾನು ಹಿಂದುಮುಂದು ಮಾಡಿ ಜೋಡಿಸಿದೆ. ಓದಿ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಜೂನ್ ತಿಂಗಳ ಎರಡನೆಯ ಭಾನುವಾರ ಎಂದು ದಿನ ಗೊತ್ತಾಯಿತು. ಈ ಸಲ ಯಾರು ಕೇಳಿದರೂ ಸ್ಲಾಟ್ ಕೊಡುವುದಿಲ್ಲ ಎಂದೂ ಅಂದರು.

ಮೇ ತಿಂಗಳಲ್ಲಿ ಹೊಸದುರ್ಗದಲ್ಲಿ ಜಿಲ್ಲೆಯ ಕೂಟಗಳ ಸ್ಪರ್ಧೆ. ನಮ್ಮ ಕೂಟದಿಂದ ನಾನು. ಸೋಲು ಗೆಲುವಿನ ಬಗ್ಗೆ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅಭ್ಯಾಸದ ದಿನ ಕೇಳಿದ ವಕೀಲರು, ‘ಕ್ಯಾಲೆಂಡರ್ ಓದಿದ ಹಾಗಿದೆಯಲ್ಲ ಮಾರಾಯ, ಜೀವವೇ ಇಲ್ಲ’ ಎಂದುಬಿಟ್ಟರು. ನನಗೆ ಗೆಲ್ಲಲೇಬೇಕಿತ್ತು, ಆ ವರ್ಷ ಗುರಿ ಪುಸ್ತಕದಲ್ಲಿ ನಾನು ಅದನ್ನೇ ಬರೆದಿದ್ದೆ. ಜೀವ ಇರುವ ಭಾಷಣ ಒಂದು ನನ್ನ ಕೈಬರಹದಲ್ಲೇ ಇತ್ತು. ಬರೆದವನು ನಾನೇ ತಾನೆ ಎಂದುಕೊಂಡೆ. ಕಳ್ಳತನಕ್ಕೆ ಹೊರಟವನು ಮೊದಲು ಹೇಳಿಕೊಳ್ಳುವ ಮಾತು ಅದೇ ಇರಬೇಕು.

ಚಾಚಾ ಅವರನ್ನು ನನ್ನ ಅಪ್ಪನನ್ನಾಗಿ ಮಾಡಿದೆ, ಮಗಳನ್ನು ನನ್ನ ಅಕ್ಕನನ್ನಾಗಿ. ನನಗೆ ಅಕ್ಕ ಇಲ್ಲ. ಉಳಿದದ್ದನ್ನು ಹೆಚ್ಚು ಬದಲಿಸಬೇಕಾಗಿ ಬರಲಿಲ್ಲ; ಅಂಥ ಚಾಪೆ, ಅಂಥ ಹಿರಿಯರು, ಅಂಥ ಬಾಗಿಲ ಸಂದಿ ನಮ್ಮ ಮನೆಗಳಲ್ಲೂ ಬೇಕಾದಷ್ಟಿವೆ. ಆದರೆ ಕೊನೆ ಸಪ್ಪೆ ಎನಿಸಿತು. ಊಟ ಆಯಿತಾ ಎಂದು ಕೇಳುವ ಮಗಳಿಗೆ ಯಾವ ತೀರ್ಪುಗಾರ ಅಂಕ ಕೊಡುತ್ತಾನೆ? ಹಾಗಾಗಿ ಅವಳನ್ನು ಸಾಯಿಸಿದೆ. ಮದುವೆಯಾದ ವರ್ಷದಲ್ಲೇ, ಅಪ್ಪನ ಮುಖ ನೋಡದೆ.

ಸ್ಪರ್ಧೆಯ ದಿನ ಚಾಚಾ ಅವರೇ ಸಮಯ ನೋಡುವವರು. ಜಿಲ್ಲೆಯವರೆಲ್ಲ ಅವರ ಕೈಯನ್ನು ನಂಬುತ್ತಿದ್ದರು. ಅವರು ಒಬ್ಬರೇ ಬಂದಿರಲಿಲ್ಲ. ಬೆಳಿಗ್ಗೆಯೇ ಮಗಳ ಮನೆಗೆ ಹೋಗಿ, ‘ಬಾರವ್ವ, ನಮ್ಮ ಕೂಟ ಹೆಂಗಿರ್ತೈತೆ ನೋಡಿವಂತೆ, ಮುಂದಿನ ತಿಂಗ್ಳು ನಂದೈತೆ’ ಎಂದು ಕರೆತಂದಿದ್ದರು. ಅವಳು ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದಳು. ಯಾರೋ ಪ್ರೇಕ್ಷಕಿ ಎಂದುಕೊಂಡೆ.

ಶುರು ಮಾಡಿದ ಎರಡನೆಯ ನಿಮಿಷದಲ್ಲಿ ನಾನು ಚಾಚಾ ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಬಾಗಿಲ ಹತ್ತಿರದ ಹೆಂಗಸು ಅಳುತ್ತಿರುವುದು ಕಾಣಿಸಿತು. ನನ್ನ ಮಾತಿನ ಶಕ್ತಿ ಎಂದು ಹಿಗ್ಗಿದೆ. ಅವಳ ಮುಖ ನೋಡುತ್ತಲೇ ಅಕ್ಕ ಸತ್ತ ಭಾಗಕ್ಕೆ ಬಂದೆ, ದನಿ ತಗ್ಗಿಸಿದೆ, ಎಣಿಸಿ ಮೂರು ಸೆಕೆಂಡು ನಿಲ್ಲಿಸಿದೆ. ಅವಳು ಎದ್ದು ಹೊರಗೆ ಹೋದಳು. ಚಾಚಾ ಅರ್ಧ ಎದ್ದರು. ಕೈಯಲ್ಲಿ ಕಾರ್ಡು ಇತ್ತು. ಸಮಯ ನೋಡುವವನು ಭಾಷಣ ಮುಗಿಯುವ ತನಕ ಕುರ್ಚಿ ಬಿಡಬಾರದು, ಬಿಟ್ಟರೆ ಸ್ಪರ್ಧಿಯ ಸ್ಪರ್ಧೆಯೇ ರದ್ದು. ಅದು ನಮ್ಮ ನಿಯಮ. ಅವರು ಮತ್ತೆ ಕೂತು, ಆರನೆಯ ನಿಮಿಷಕ್ಕೆ ಸರಿಯಾಗಿ ಹಳದಿ ಎತ್ತಿದರು.

ಭಾಷಣ ಮುಗಿದ ಮೇಲೆ ಎದ್ದು ನಿಂತು ವರದಿ ಕೊಟ್ಟರು. ‘ಆರು ನಿಮಿಷ ಐವತ್ತು ಸೆಕೆಂಡು. ಮಿತಿಯೊಳಗೆ ಐತೆ.’ ಆಮೇಲೆ ಕಾರ್ಡುಗಳನ್ನು ಪಕ್ಕದವರ ಕೈಗೆ ಕೊಟ್ಟು ಹೊರಗೆ ಓಡಿದರು. ಆ ವಯಸ್ಸಿನ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಮೊದಲ ಬಹುಮಾನ ಬಂತು. ಆ ಹೆಂಗಸು ಯಾರೆಂದು, ಬಹುಮಾನದ ಕಪ್ ಕೈಯಲ್ಲಿ ಹಿಡಿದುಕೊಂಡಿದ್ದಾಗ ಯಾರೋ ಹೇಳಿದರು.

ಹದಿನೈದು ದಿನ ಬಿಟ್ಟು ಅಂಗಡಿಗೆ ಹೋದೆ. ಏಕೆ ಅಷ್ಟು ದಿನ ಬಿಟ್ಟೆ ಎಂದರೆ, ಅವರು ಬಯ್ಯಲಿ ಎಂದು ಕಾದಿದ್ದೆ. ಬೈದರೆ ನನಗೂ ಏನಾದರೂ ಹೇಳಲು ಸಿಗುತ್ತಿತ್ತು. ಅವರು ಉದ್ದನೆಯ ಸೂಜಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು.

‘ಚೆನ್ನಾಗಿ ಮಾತಾಡಿದ್ರಿ ಸಾರ್’ ಎಂದರು. ‘ನಾನಾಗಿದ್ರೆ ತಡವರಿಸ್ತಿದ್ದೆ.’

‘ಚಾಚಾ, ನನ್ನಿಂದ ತಪ್ಪಾಯಿತು.’

‘ಒಂದು ಕೇಳ್ತೀನಿ. ಸತ್ತೋದ್ಲು ಅಂತ ಯಾಕಂದ್ರಿ?’

‘ಅದು... ಕಥೆಗೆ ಬೇಕಿತ್ತು.’

‘ಓಹೋ. ಕಥೆಗೆ’ ಎಂದು ದಾರ ಎಳೆದುಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ. ಚಹಾ ತರಿಸಿಕೊಟ್ಟರು, ನಾನು ಕುಡಿದೆ.

ಜೂನ್ ತಿಂಗಳ ಎರಡನೆಯ ಭಾನುವಾರ ಬಂದು, ‘ಬ್ಯಾರೇರಿಗೆ ಕೊಡ್ರಿ’ ಎಂದು ಸ್ಲಾಟ್ ಬಿಟ್ಟುಕೊಟ್ಟರು. ಬಿಟ್ಟುಕೊಡುವುದು ಅವರ ಅಭ್ಯಾಸ ಎಂದು ಯಾರೂ ಆಶ್ಚರ್ಯಪಡಲಿಲ್ಲ. ಆ ಭಾಷಣವನ್ನು ಅವರು ಮಾಡಿದ್ದರೆ ಜನ ಅದು ನನ್ನ ಕಥೆ ಎನ್ನುತ್ತಿದ್ದರು. ಅವರೇ ನನ್ನಿಂದ ಕದ್ದಂತಾಗುತ್ತಿತ್ತು. ಮರುವರ್ಷ ಗುರಿ ಪುಸ್ತಕದಲ್ಲಿ, ‘ಎಲ್ಲರಿಗೂ ಸರಿಯಾಗಿ ಟೈಮ್ ತೋರಿಸುವುದು’ ಎಂದು ಬರೆದರು. ಅದರ ಮುಂದಿನ ಎರಡು ವರ್ಷವೂ ಅದನ್ನೇ ಬರೆದರು. ಕೂಟದಲ್ಲಿ ವರ್ಷದ ಕೊನೆಗೆ ಗುರಿ ಮುಟ್ಟಿದವರು ಅವರೊಬ್ಬರೇ ಇರುತ್ತಿದ್ದರು.

ತೀರಿಕೊಂಡ ಮೂರನೆಯ ದಿನ ಮನೆಗೆ ಹೋದೆ. ಕೂಟದ ಪರವಾಗಿ ಯಾರಾದರೂ ಹೋಗಬೇಕಿತ್ತು, ಚೆನ್ನಾಗಿ ಮಾತಾಡುವವರು ನೀವೇ ಎಂದು ನನ್ನನ್ನು ಕಳಿಸಿದರು. ಮನೆ ತುಂಬ ಜನ. ಮಗಳು ನನ್ನನ್ನು ಗುರುತಿಸಿ, ಜಗಲಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿ, ತಾನೇ ಚಹಾ ತಂದುಕೊಟ್ಟಳು. ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದಳು.

‘ಅಣ್ಣಾ, ಒಂದು ಮಾತು ಕೇಳ್ಲಾ? ಅವತ್ತು ಹೊಸದುರ್ಗದಾಗೆ ನೀವು ಹೇಳಿದ್ದು ನಮ್ಮನಿ ವಿಷ್ಯ. ಅಬ್ಬಾನೇ ನಿಮ್ಮ ಕೈಲಿ ಹೇಳ್ಸಿದ್ದಲ್ವಾ?’

ನಾನು ಲೋಟ ಕೆಳಗಿಟ್ಟೆ.

‘ಹೇಳ್ಸಿದ್ರೆ ಹೇಳ್ಸಿದ್ರು, ಅದಕ್ಕೆ ಬ್ಯಾಸ್ರ ಇಲ್ಲ. ತನ್ ಬಾಯಾಗೆ ಬರಲ್ಲ ಅಂತ ಅವ್ರಿಗೆ ಗೊತ್ತಿತ್ತು. ನಾನು ಸತ್ತೋಗೀನಿ ಅಂತ ಹೇಳ್ರಿ ಅಂತಾನೂ ಅವ್ರೇ ಅಂದ್ರಾ? ಅವತ್ತೇ ಬೀದ್ಯಾಗೆ ನಿಲ್ಸಿ ಕೇಳ್ದೆ. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನಾನು ಆಮ್ಯಾಲೆ ಈ ಮನಿಗೆ ಬರ್ಲೇ ಇಲ್ಲ ಅಣ್ಣಾ. ಬಂದಿದ್ದು ಮೊನ್ನೆ ಶುಕ್ರವಾರ.’

ಮೂರು ವರ್ಷ. ಕದ್ದವನು ಇವನು ಎಂದು ಮಗಳಿಗೆ ಒಂದು ಮಾತು ಹೇಳಿದ್ದರೆ ಆ ಮೂರು ವರ್ಷ ಅವರಿಗೆ ಸಿಗುತ್ತಿತ್ತು. ಅವರೇಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಮಗಳಿಗೆ ಹೇಳುವ ಮೊದಲು ಹೊರಗಿನವನಿಗೆ ಹೇಳಿದ್ದೇ ತನ್ನ ತಪ್ಪು ಎಂದುಕೊಂಡರೋ, ಮಾತು ಮತ್ತೆ ಗಂಟಲಿನಲ್ಲೇ ನಿಂತಿತೋ. ಈಗ ಹೇಳಬೇಕಾದವನು ನಾನು. ‘ಇಲ್ಲಮ್ಮ, ನಾನು ಕದ್ದೆ, ಸಾಯಿಸಿದ್ದೂ ನಾನೇ’ ಎಂದರೆ ಮುಗಿಯಿತು. ಅರ್ಧ ನಿಮಿಷದ ಮಾತು. ಒಳಗಿನಿಂದ ನಾಲ್ಕೈದು ಜನ ನಮ್ಮ ಕಡೆಯೇ ನೋಡುತ್ತಿದ್ದರು.

‘ನಿಮ್ಮ ತಂದೆ ದೊಡ್ಡ ಮನುಷ್ಯರಮ್ಮ’ ಎಂದೆ. ‘ನಮ್ಮೆಲ್ಲರಿಗೂ ಮಾರ್ಗದರ್ಶಕರಾಗಿದ್ದರು. ಅವರ ಅಗಲಿಕೆ ತುಂಬಲಾರದ ನಷ್ಟ.’

ನಾನು ಇನ್ನೂ ಏನಾದರೂ ಹೇಳುತ್ತೇನೇನೋ ಎಂದು ಅವಳು ನಿಂತು ನೋಡಿದಳು. ಬಗ್ಗಿ ಲೋಟ ಎತ್ತಿಕೊಂಡಳು.

‘ಹಂಗಾದ್ರೆ ಅವ್ರೇ ಹೇಳ್ಸಿದ್ದು’ ಎಂದು ಒಳಗೆ ಹೋದಳು.

ನಾನು ಅಲ್ಲ ಎನ್ನಲಿಲ್ಲ.